ತೆರೆಯ ಮೇಲೆ ನೀತಿಪಾಠ

ಮಕ್ಕಳಿಗೆ ಸನ್ನಡತೆಯನ್ನು ಕಲಿಸಲು ಚಿತ್ರಗಳ ನೆರವು ಪಡೆಯುವ ಪದ್ಧತಿ ಚಲನಚಿತ್ರದೊಂದಿಗೆ ಹುಟ್ಟಿದುದಲ್ಲ. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲಿನ ವರ್ಣಚಿತ್ರಗಳನ್ನು ಕಂಡವರಿಗೆ ಷಡ್ಲೇಶ್ಯೆಗಳ ನೇರಳೆಮರ ನೆನಪಿರುತ್ತದೆ. ಹಸಿದ ಆರು ಮಂದಿ ಒಂದೇ ಮರದ ಬಳಿ ನಿಂತಿದ್ದಾರೆ. ಒಬ್ಬನು ಬುಡಕ್ಕೇ ಕೊಡಲಿಯೆತ್ತಿದ್ದಾನೆ. ಇನ್ನೊಬ್ಬನು ದೊಡ್ಡ ಕೊಂಬೆಗಳನ್ನು ಕಡಿಯಲು ಹೊರಟಿದ್ದಾನೆ, ಮತ್ತೊಬ್ಬನಿಗೆ ಸಣ್ಣ ಕೊಂಬೆಗಳು ಸಾಕು. ಒಬ್ಬನು ಗೊಂಚಲುಗಳನ್ನಷ್ಟೇ ಬಯಸುತ್ತಾನೆ, ಒಬ್ಬನು ಹಣ್ಣುಗಳನ್ನು ಮಾತ್ರ ಬಿಡಿಸುತ್ತಾನೆ, ಕಡೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಂಡು ತೃಪ್ತನಾಗುತ್ತಾನೆ. ಕೃಷ್ಣದಿಂದ ಶುಕ್ಲದವರೆಗಿನ ಆರು ಬಣ್ಣಗಳು ಆರು ಮನೋಭಾವಗಳಿಗೆ ಗುರುತು. ಓದು ಬಾರದ ಮಗುವೂ ಆ ಚಿತ್ರದ ಮುಂದೆ ನಿಂತು, ಜೊತೆಯಲ್ಲಿರುವ ಹಿರಿಯರನ್ನು, ಇವನೇಕೆ ಹೀಗೆ ಮಾಡುತ್ತಿದ್ದಾನೆಂದು ಕೇಳದೆ ಇರದು. ಹಾಗೆ ಕೇಳಲೆಂದೇ ಅದನ್ನು ಬರೆದಿರುವುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಬೆಳಕಿನ ಚಿತ್ರಗಳು ವಹಿಸಿಕೊಂಡವು. ಶಾಲೆಯ ಕೊಠಡಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಯ ಮೇಲೆ ಬಿಳಿಯ ತೆರೆ ಇಳಿಬಿಟ್ಟು, ಹತ್ತು ಹನ್ನೊಂದು ನಿಮಿಷಗಳಲ್ಲಿ ಪ್ರಾಮಾಣಿಕತೆ, ವಿನಯ, ಹೆತ್ತವರ ಮೇಲಿನ ಗೌರವ ಮೊದಲಾದವುಗಳನ್ನು ಬೋಧಿಸುವ ಕಿರುಚಿತ್ರಗಳು ಅಮೆರಿಕದಲ್ಲಿ ಒಂದು ಉದ್ಯಮವಾಗಿಯೇ ಬೆಳೆದವು. ನಮ್ಮ ದೇಶದಲ್ಲಿಯೂ ಸರಕಾರವು ಆ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿತು. ಆ ಚಿತ್ರಗಳ ಚರಿತ್ರೆಯನ್ನು ಬಳ್ಳಾರಿ ಸೀಮೆಯ ಪಶ್ಚಿಮದ ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ನೋಡಿದಾಗ ಅದರ ರೂಪವೇ ಬೇರೆಯಾಗಿ ಕಾಣುತ್ತದೆ. ಏಕೆಂದರೆ ಈ ಸೀಮೆಗೆ ಅಂತಹ ಚಿತ್ರಗಳು ತಡವಾಗಿ, ಅಪರೂಪವಾಗಿ, ಬಹುಕಾಲ ಪರಭಾಷೆಯಲ್ಲಿ ಬಂದವು. ಆದರೆ ಮಕ್ಕಳ ನಡತೆಯನ್ನು ಕುರಿತ ಒಂದು ಗಟ್ಟಿಯಾದ ಕನ್ನಡ ಚಿತ್ರಕ್ಕೆ ಕಥೆ ದೊರೆತದ್ದು ಈ ಸೀಮೆಯ ಲೇಖನಿಯಿಂದಲೇ.

ಮೊದಲು ಯಂತ್ರದ ವಿಷಯ. ಆರಂಭಕಾಲದ ಚಲನಚಿತ್ರಗಳ ನೈಟ್ರೇಟ್ ಫಿಲ್ಮು ಬೆಂಕಿಗೆ ಬಹುಬೇಗ ತುತ್ತಾಗುವಂಥದು. ಅದನ್ನು ಮಕ್ಕಳಿರುವ ಕೊಠಡಿಯಲ್ಲಿ ಓಡಿಸುವುದು ಅಪಾಯಕರವಾಗಿತ್ತು. 1923ರಲ್ಲಿ ಕೊಡಾಕ್ ಕಂಪನಿಯು ಹೊರತಂದ 16 ಮಿಲಿಮೀಟರ್ ಅಗಲದ, ಸುಲಭವಾಗಿ ಉರಿಯದ ಅಸಿಟೇಟ್ ಫಿಲ್ಮು ಆ ಭಯವನ್ನು ನೀಗಿಸಿತು. ಪ್ರಕ್ಷೇಪಕ ಯಂತ್ರವೂ ಕೈಯಲ್ಲಿ ಹೊತ್ತೊಯ್ಯುವಷ್ಟು ಚಿಕ್ಕದಾಯಿತು. ಧ್ವನಿಸಹಿತವಾದ ಚಿತ್ರದಲ್ಲಿ 400 ಅಡಿಯ ಒಂದು ಸುರುಳಿ ಸುಮಾರು 11 ನಿಮಿಷ ಓಡುತ್ತದೆ. ತರಗತಿಯ ನೀತಿಚಿತ್ರಗಳು ಬಹುಪಾಲು ಹತ್ತು ಹನ್ನೊಂದು ನಿಮಿಷಗಳವೇ ಆಗಿದ್ದುದರ ಗುಟ್ಟು ಇಷ್ಟೇ. ಸದ್ಗುಣದ ಪಾಠ ಎಷ್ಟು ಉದ್ದವಿರಬೇಕೆಂಬುದನ್ನು ನಿರ್ಧರಿಸಿದವರು ಶಿಕ್ಷಣತಜ್ಞರಲ್ಲ, ಫಿಲ್ಮಿನ ಸುರುಳಿ!

ಎರಡನೆಯ ಮಹಾಯುದ್ಧದ ಬಳಿಕ ಈ ಚಿತ್ರಗಳ ಸುಗ್ಗಿಯೇ ಬಂದಿತು. ಯುದ್ಧಕಾಲದಲ್ಲಿ ಸೈನಿಕರಿಗೆ ಚಿತ್ರಗಳ ಮೂಲಕ ತರಬೇತಿ ಕೊಟ್ಟಿದ್ದ ಅಮೆರಿಕಕ್ಕೆ, ಶಿಸ್ತನ್ನು ತೆರೆಯ ಮೇಲಿಂದಲೇ ಕಲಿಸಬಹುದೆಂಬ ನಂಬಿಕೆ ಬಲವಾಗಿತ್ತು. ಷಿಕಾಗೋ ಬಳಿಯ ಗ್ಲೆನ್‌ವ್ಯೂ ಎಂಬಲ್ಲಿ ಡೇವಿಡ್ ಸ್ಮಾರ್ಟ್ ಎಂಬ ಪತ್ರಿಕಾ ಪ್ರಕಾಶಕರು ನಡೆಸುತ್ತಿದ್ದ ಕರೊನೆಟ್ ಸಂಸ್ಥೆಯು 1947ರಲ್ಲಿ ‘ಆರ್ ಯೂ ಪಾಪ್ಯುಲರ್?’ ಎಂಬ ಚಿತ್ರವನ್ನು, 1950ರಲ್ಲಿ ‘ಅಪ್ರಿಶಿಯೇಟಿಂಗ್ ಅವರ್ ಪೇರೆಂಟ್ಸ್’ ಎಂಬ ಚಿತ್ರವನ್ನು ತಯಾರಿಸಿತು. ಎರಡನೆಯದು ಹೆತ್ತವರ ಶ್ರಮವನ್ನು ಅರಿಯುವ ಬಗೆಯನ್ನು ಕುರಿತದ್ದು. ತನ್ನ ಕೋಣೆ ತಾನಾಗಿಯೇ ಓರಣಗೊಳ್ಳುತ್ತದೆಯೆಂದು ಭಾವಿಸಿದ್ದ ಬಾಲಕನಿಗೆ ಅದರ ಹಿಂದೆ ತಾಯಿಯ ದುಡಿಮೆ ಇರುವುದು ಗೋಚರವಾಗುತ್ತದೆ, ಅವನು ಮನೆಗೆಲಸಕ್ಕೆ ಕೈಗೂಡಿಸುತ್ತಾನೆ. ಕಥೆ ಸರಳ, ನಿರೂಪಕನ ಧ್ವನಿ ಗಂಭೀರ, ಕೊನೆಗೆ ಎಲ್ಲರ ಮುಖದಲ್ಲಿಯೂ ನಗೆ.

ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದ ಸೆಂಟ್ರಾನ್ ಸಂಸ್ಥೆಯವರು ಹಿಡಿದ ದಾರಿ ಕೊಂಚ ಬೇರೆ. ಅವರು 1950ರ ದಶಕದಲ್ಲಿ ತಯಾರಿಸಿದ ಒಂದು ಮಾಲಿಕೆಯಲ್ಲಿ ಕಥೆಯು ಬಿಗಿಯಾಗಿ ಬೆಳೆದು, ತೀರ್ಮಾನದ ಹೊಸ್ತಿಲಲ್ಲಿ ಥಟ್ಟನೆ ನಿಂತುಬಿಡುತ್ತದೆ. 1952ರ ‘ಚೀಟಿಂಗ್’ ಎಂಬ ಚಿತ್ರದಲ್ಲಿ ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನೊಬ್ಬನ ಕಥೆಯಿದೆ. ಅವನಿಗೆ ಏನಾಗಬೇಕು, ಅವನಿಗೆ ಸಹಾಯ ಮಾಡಿದವರ ಹೊಣೆಯೇನು ಎಂಬುದನ್ನು ಚಿತ್ರ ಹೇಳದು, ಪ್ರಶ್ನೆಯನ್ನು ಪ್ರೇಕ್ಷಕರ ಮುಂದಿಟ್ಟು ಮುಗಿಯುತ್ತದೆ. ದೀಪ ಹೊತ್ತಿಸಿದ ಮೇಲೆ ಉಪಾಧ್ಯಾಯರು ಮಾತನ್ನು ಮುಂದುವರಿಸಬೇಕು. ಅಂದಿನ ನೂರಾರು ಚಿತ್ರಗಳಲ್ಲಿ ಇಂದಿಗೂ ನೋಡಲು ಯೋಗ್ಯವಾದವುಗಳನ್ನು ಆರಿಸುವುದಾದರೆ ಈ ಅಪೂರ್ಣ ಚಿತ್ರಗಳಿಗೇ ಮೊದಲ ಸ್ಥಾನ ಸಲ್ಲಬೇಕು.

ಈ ಚಿತ್ರಗಳೆಲ್ಲವುಗಳಲ್ಲಿ ಒಂದು ಮೌನವಿತ್ತು. ತೆರೆಯ ಮೇಲೆ ಕಾಣುವ ಮಕ್ಕಳು ಬಹುತೇಕ ಎಲ್ಲರೂ ಬಿಳಿಯರು, ಅನುಕೂಲಸ್ಥ ಮನೆಯವರು. ಕರಿಯ ಮಕ್ಕಳು ಬೇರೆ ಶಾಲೆಗಳಿಗೆ ಹೋಗಬೇಕೆಂಬ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿ ಜಾರಿಯಲ್ಲಿದ್ದ ಕಾಲವದು. ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿದ್ದು 1954ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಸ್ಥೆಯವರು ಈ ವಿಷಯವನ್ನು ಮುಟ್ಟಲು ಮುಂದಾದಾಗ ಮಕ್ಕಳನ್ನು ಬಿಟ್ಟು ನಾಯಿಗಳನ್ನು ಆಶ್ರಯಿಸಿದರು. ಸ್ಕಿಪರ್ ಎಂಬ ನಾಯಿಯು ಹೊಸ ಬೀದಿಯ ನಾಯಿಗಳು ತನ್ನಂತಿಲ್ಲವೆಂದು ಅವುಗಳಿಂದ ದೂರವಿರುತ್ತದೆ. ಒಂದು ದಿನ ಮೈಮೇಲೆ ಬಣ್ಣ ಚೆಲ್ಲಿ ತಾನೇ ವಿಚಿತ್ರವಾಗಿ ಕಂಡಾಗ ಅದಕ್ಕೆ ಬುದ್ಧಿ ಬರುತ್ತದೆ. ಮನುಷ್ಯರ ಬಣ್ಣದ ಮಾತನ್ನು ನಾಯಿಗಳ ಬಾಯಿಂದ ಆಡಿಸಬೇಕಾಯಿತು. ತಟ್ಟೆ ತೊಳೆಯದ ಹುಡುಗನನ್ನು ತಿದ್ದಲು ಹಿಂಜರಿಯದ ಚಿತ್ರಗಳು, ಶಾಲೆಯನ್ನೇ ಎರಡಾಗಿ ಸೀಳಿದ ಹಿರಿಯರನ್ನು ತಿದ್ದಲು ಬಾಯಿ ತೆರೆಯಲಿಲ್ಲ.

ಚಿತ್ರ ನೋಡಿದ ಮಕ್ಕಳು ನಿಜವಾಗಿ ಒಳ್ಳೆಯವರಾಗುತ್ತಾರೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಈ ಸುಗ್ಗಿಗೆ ಮುಂಚೆಯೇ ಕೇಳಿದ್ದರು. ಹಾರ್ಟ್‌ಶಾರ್ನ್ ಮತ್ತು ಮೇ ಎಂಬಿಬ್ಬರು ಸುಮಾರು 11,000 ಮಕ್ಕಳನ್ನು ಪರೀಕ್ಷಿಸಿ 1928ರಿಂದ 1930ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದರು. ಅವರು ಹೂಡಿದ ಉಪಾಯಗಳು ಜಾಣತನದವು. ಕಣ್ಣು ಮುಚ್ಚಿ ಸಣ್ಣ ವೃತ್ತಗಳೊಳಗೆ ಗುರುತು ಹಾಕುವಂತೆ ಮಕ್ಕಳಿಗೆ ಹೇಳುವುದು, ಕಳ್ಳನೋಟ ಬೀರದ ಹೊರತು ಸಾಧ್ಯವಾಗದಷ್ಟು ಸರಿಯಾಗಿ ಗುರುತು ಬಿದ್ದಿದ್ದರೆ ವಂಚನೆಯೆಂದು ತಿಳಿಯುವುದು. ಉತ್ತರಪತ್ರಿಕೆಯ ಪ್ರತಿಯನ್ನು ಮಕ್ಕಳಿಗೆ ತಿಳಿಯದಂತೆ ತೆಗೆದಿಟ್ಟುಕೊಂಡು, ಅಂಕಗಳನ್ನು ಅವರೇ ಹಾಕಿಕೊಳ್ಳುವಂತೆ ಹೇಳಿ, ಬಳಿಕ ಎರಡನ್ನೂ ಹೋಲಿಸುವುದು. ಕಂಡುಬಂದ ಫಲಿತಾಂಶವು ನೀತಿಬೋಧಕರಿಗೆ ಕಹಿಯಾಯಿತು. ಪ್ರಾಮಾಣಿಕ ಮಕ್ಕಳು, ಅಪ್ರಾಮಾಣಿಕ ಮಕ್ಕಳು ಎಂಬ ಎರಡು ಜಾತಿಗಳು ಇರಲಿಲ್ಲ. ತರಗತಿಯಲ್ಲಿ ಮೋಸ ಮಾಡದವನು ಆಟದಲ್ಲಿ ಮಾಡಿದ, ಆಟದಲ್ಲಿ ಮಾಡದವನು ಮನೆಗೆಲಸದಲ್ಲಿ ಮಾಡಿದ. ಯಾವುದು ಸರಿಯೆಂದು ಬಾಯಲ್ಲಿ ಹೇಳಬಲ್ಲ ಮಗುವಿನ ನಡತೆಯೂ ಹಾಗೆಯೇ ಇರುತ್ತದೆಂಬ ಭರವಸೆ ಇರಲಿಲ್ಲ. ನೇರಳೆಮರದ ಚಿತ್ರ ಬರೆದವರು ಮನುಷ್ಯರನ್ನು ಎರಡು ಪಂಗಡ ಮಾಡದೆ ಆರು ಛಾಯೆಗಳಲ್ಲಿ ತೋರಿಸಿದ್ದು ಇಲ್ಲಿ ನೆನಪಾಗುತ್ತದೆ. ಕರೊನೆಟ್ ಸಂಸ್ಥೆಯ ಚಿತ್ರಗಳಲ್ಲಿ ಹುಡುಗರು ಒಳ್ಳೆಯವರು, ಕೆಟ್ಟವರು ಎಂದು ಎರಡೇ ಬಗೆ.

ಹಾಗಾದರೆ ಚಿತ್ರಕ್ಕೆ ಶಕ್ತಿಯೇ ಇಲ್ಲವೆ? ಇದೆ, ಅದೂ ಅಂಜಿಕೆ ಹುಟ್ಟಿಸುವಷ್ಟು. ಪೀಟರ್ಸನ್ ಮತ್ತು ಥರ್ಸ್ಟನ್ ಎಂಬ ಸಂಶೋಧಕರು 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿನಾಯ್ ರಾಜ್ಯದ ಸಣ್ಣ ಊರುಗಳ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಮುಂಚೆ ಮತ್ತು ಬಳಿಕ ಅವರ ಮನೋಭಾವವನ್ನು ಅಳೆದರು. ಚೀನೀಯರ ಬಗೆಗೆ ಸಹಾನುಭೂತಿಯ ಚಿತ್ರವೊಂದನ್ನು ಕಂಡ ಮಕ್ಕಳು ಚೀನೀಯರನ್ನು ಮೊದಲಿಗಿಂತ ಆದರದಿಂದ ಕಂಡರು. ಆದರೆ ಕರಿಯರನ್ನು ಹೀನಾಯವಾಗಿ ಚಿತ್ರಿಸಿದ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಹಳೆಯ ಚಿತ್ರವನ್ನು ತೋರಿಸಿದಾಗ ಮಕ್ಕಳಲ್ಲಿ ಕರಿಯರ ಮೇಲಿನ ತಿರಸ್ಕಾರ ಹೆಚ್ಚಿತು. ಐದು ತಿಂಗಳ ಬಳಿಕ ಪರೀಕ್ಷಿಸಿದಾಗಲೂ ಅದರ ಬಹುಭಾಗ ಉಳಿದಿತ್ತು. ತೆರೆಗೆ ಒಳಿತು ಕೆಡುಕುಗಳ ಭೇದವಿಲ್ಲ. ಬಿತ್ತಿದ್ದನ್ನು ಅದು ಬೆಳೆಯುತ್ತದೆ.

ಇತ್ತ ಭಾರತದಲ್ಲಿ, ಚಲನಚಿತ್ರ ಬರುವುದಕ್ಕೆ ಮೊದಲೇ ಊರೂರು ತಿರುಗಿ ಚಿತ್ರಗಳನ್ನು ತೋರಿಸುವ ಮಂದಿಯಿದ್ದರು. ಅವರ ಒಬ್ಬ ಪ್ರೇಕ್ಷಕನ ಅನುಭವ ಲೋಕವಿಖ್ಯಾತವಾಗಿದೆ. ಕುರುಡರಾದ ತಾಯಿತಂದೆಗಳನ್ನು ಹೊತ್ತು ಯಾತ್ರೆಗೆ ನಡೆದ ಶ್ರವಣಕುಮಾರನ ಚಿತ್ರವನ್ನು ಕಾಥೇವಾಡದ ಮೋಹನದಾಸನೆಂಬ ಬಾಲಕನು ಕಂಡನು. ತಂದೆ ಕೊಂಡಿದ್ದ ಆ ಕಥೆಯ ನಾಟಕವು ಕಣ್ಣಿಗೆ ಬಿದ್ದಾಗ ಅದನ್ನು ಓದಿದ್ದನು. ಅದರ ಶೋಕಗೀತವನ್ನು ತಂದೆ ಕೊಡಿಸಿದ ವಾದ್ಯದಲ್ಲಿ ನುಡಿಸಲು ಕಲಿತನು. ಹರಿಶ್ಚಂದ್ರ ನಾಟಕವನ್ನು ನೋಡಿ ಬಂದು ಅದನ್ನು ಮನಸ್ಸಿನಲ್ಲಿಯೇ ಎಷ್ಟೋ ಬಾರಿ ಆಡಿದನು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಈ ಎರಡನ್ನೂ ಬಾಲ್ಯದ ಗಾಢ ಪ್ರಭಾವಗಳೆಂದು ದಾಖಲಿಸಿದ್ದಾರೆ. ಮಕ್ಕಳಿಗೆ ಪೌರಾಣಿಕ ಚಿತ್ರಗಳನ್ನು ತೋರಿಸುವವರೆಲ್ಲರೂ ಉದಾಹರಿಸುವ ಪ್ರಸಂಗವಿದು.

ಅವರು ಉದಾಹರಿಸದೆ ಬಿಡುವ ಭಾಗವೊಂದು ಅದೇ ಆತ್ಮಕಥೆಯಲ್ಲಿದೆ. ಶ್ರವಣನನ್ನೂ ಹರಿಶ್ಚಂದ್ರನನ್ನೂ ಮನಸ್ಸಿನಲ್ಲಿರಿಸಿಕೊಂಡ ಅದೇ ಹುಡುಗನು ಹೆತ್ತವರಿಗೆ ತಿಳಿಯದಂತೆ ಮಾಂಸ ತಿಂದನು, ಹದಿನೈದರ ವಯಸ್ಸಿನಲ್ಲಿ ಅಣ್ಣನ ತೋಳಿನ ಬಂಗಾರದ ಕಡಗದಿಂದ ಚೂರನ್ನು ಕದ್ದನು. ಕೊನೆಗೆ ತಾಳಲಾರದೆ ತಪ್ಪೊಪ್ಪಿಗೆಯ ಚೀಟಿ ಬರೆದು ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತನು. ಕರಮಚಂದ ಗಾಂಧಿಯವರು ಬೈಯಲಿಲ್ಲ, ಹೊಡೆಯಲಿಲ್ಲ. ಕಣ್ಣೀರು ಹರಿಯಿತು, ಚೀಟಿಯನ್ನು ಹರಿದುಹಾಕಿದರು. ಆ ಕಣ್ಣೀರು ತನ್ನನ್ನು ತೊಳೆಯಿತೆಂದು ಮಗನು ಮುಪ್ಪಿನವರೆಗೂ ನೆನೆದನು. ಮುಂದೆ ಇಂಗ್ಲೆಂಡಿಗೆ ಹೊರಡುವಾಗ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ತ್ಯಜಿಸುವ ವ್ರತಗಳನ್ನು ಬೇಚರಜೀ ಸ್ವಾಮಿಯೆಂಬ ಜೈನ ಸಾಧುಗಳ ಮುಂದೆ ಸ್ವೀಕರಿಸಿದನು, ಎದುರಿಗೆ ತಾಯಿ ಇದ್ದಳು. ಚಿತ್ರವು ಆಸೆ ಹುಟ್ಟಿಸಿತ್ತು, ಅಷ್ಟು ನಿಜ. ಆ ಆಸೆ ಸೋತ ದಿನ ಹುಡುಗನನ್ನು ಹಿಡಿದೆತ್ತಿದ್ದು ಮನೆಯವರ ನಡವಳಿಕೆ. ವಿಚಿತ್ರವೆಂದರೆ ಗಾಂಧೀಜಿಯವರಿಗೆ ಚಲನಚಿತ್ರದಲ್ಲಿ ಕೊಂಚವೂ ಒಲವಿರಲಿಲ್ಲ. 1927ರಲ್ಲಿ ನೇಮಕಗೊಂಡ ಭಾರತೀಯ ಸಿನಿಮಾ ವಿಚಾರಣಾ ಸಮಿತಿಗೆ ತಾವು ಸಿನಿಮಾ ನೋಡಿಯೇ ಇಲ್ಲವೆಂದು ತಿಳಿಸಿದ್ದರು. 1944ರಲ್ಲಿ ‘ರಾಮರಾಜ್ಯ’ ಚಿತ್ರದ ಕೆಲವು ಭಾಗಗಳನ್ನು ನೋಡಿದರೆಂಬುದೇ ಒಂದು ಸುದ್ದಿಯಾಯಿತು.

ಆ ಮಹಾತ್ಮರ ಚಿತಾಭಸ್ಮದ ಸ್ಮಾರಕವೊಂದು ಕೂಡ್ಲಿಗಿ ಪಟ್ಟಣದಲ್ಲಿದೆ. ಈ ಸೀಮೆಯ ಮಕ್ಕಳಿಗೆ ಗಾಂಧಿಯೆಂಬ ಹೆಸರು ಪಠ್ಯಪುಸ್ತಕದಿಂದ ಮಾತ್ರ ಬಂದುದಲ್ಲ.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದವು. ಅಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ ಉಳಿದ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ಕೂಡಿ ವಿಜಯನಗರ ಜಿಲ್ಲೆಯಾದವು. ಆಡಳಿತದ ಗಡಿಗಳು ಹೀಗೆ ಸರಿದಾಡಿದರೂ ಸೀಮೆಯ ಬದುಕು ಒಂದೇ. ಮಳೆಯನ್ನು ನೆಚ್ಚಿದ ಕರಿನೆಲ, ಕೆಂಪುನೆಲ, ಜೋಳ, ಹತ್ತಿ, ಕೊಟ್ಟೂರು ಬಸವೇಶ್ವರನ ತೇರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಪ್ರಾಚೀನ ಬಸದಿಯಿದೆ. ಅದನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿಯ ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ವಿನಯವಿಲ್ಲದವನೆಂಬ ಅರ್ಥದ ಹೆಸರುಳ್ಳ ಅರಸನು ಬಸದಿಯನ್ನು ಕಟ್ಟಿಸಿದನು, ಕವಿರಾಜಮಾರ್ಗದಲ್ಲಿ ಗದ್ಯಲೇಖಕರ ಸಾಲಿನಲ್ಲಿಯೂ ಸ್ಥಾನ ಪಡೆದನು. ನಡತೆಯ ಚಿತ್ರ ತೆಗೆಯುವವರು ಹೆಸರು ನೋಡಿ ಪಾತ್ರ ಹಂಚಬಾರದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಈ ಸೀಮೆಯಲ್ಲಿ ನೀತಿಯನ್ನು ತೋರಿಸುವ ಕೆಲಸವನ್ನು ತಲೆಮಾರುಗಳ ಕಾಲ ನಿರ್ವಹಿಸಿದವು ಬಯಲಾಟ ಮತ್ತು ತೊಗಲುಗೊಂಬೆ. ಸುಗ್ಗಿಯ ಬಳಿಕ ಊರಗುಡಿಯ ಮುಂದೆ ಅಟ್ಟ ಕಟ್ಟಿ, ಬೆಳಗಿನವರೆಗೆ ಆಡುವ ದೊಡ್ಡಾಟದಲ್ಲಿ ಹಳ್ಳಿಯವರೇ ರಾಜರು, ಹಳ್ಳಿಯವರೇ ರಾಕ್ಷಸರು. ಮಕ್ಕಳು ತಾಯಂದಿರ ತೊಡೆಯ ಮೇಲೆ ಅರೆನಿದ್ದೆಯಲ್ಲಿ ನೋಡಿದ್ದನ್ನು ಮರುದಿನ ಎಮ್ಮೆ ಕಾಯುವಾಗ ಆಡುತ್ತಿದ್ದರು. ತೊಗಲುಗೊಂಬೆಯಂತೂ ಚಲನಚಿತ್ರದ ಹಿರಿಯಕ್ಕನೇ ಸರಿ. ಬಿಳಿಯ ಪರದೆ, ಹಿಂದೊಂದು ದೀಪ, ನಡುವೆ ಬಣ್ಣದ ತೊಗಲು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಪುರಾಣದಿಂದಾಚೆಗೂ ವಿಸ್ತರಿಸಿ ಗಾಂಧೀಜಿಯವರ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಗೊಂಬೆಗಳಲ್ಲಿ ಆಡಿಸಿದರು, 2023ರಲ್ಲಿ ಅವರು ತೀರಿಕೊಂಡರು. ಹೂವಿನಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಬೆಳೆಸಿದ ರಂಗಭಾರತಿಯೂ ಇದೇ ಮಣ್ಣಿನದು.

ಸಿನಿಮಾ ಬಂದದ್ದು ಡೇರೆಯಲ್ಲಿ. ಜಾತ್ರೆಯ ಬಯಲಲ್ಲಿ, ಕೊಯ್ಲಾದ ಹೊಲದಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹೊಡೆಯುತ್ತಿದ್ದರು. ಒಂದೇ ಪ್ರಕ್ಷೇಪಕವಿರುತ್ತಿದ್ದುದರಿಂದ ಪ್ರತಿ ಸುರುಳಿ ಮುಗಿದಾಗಲೂ ವಿರಾಮ. ನೆಲದ ಮೇಲೆ ಕುಳಿತ ಮಕ್ಕಳು ಹರಿಶ್ಚಂದ್ರನ ಕಥೆಯನ್ನು ಇಂತಹ ಡೇರೆಗಳಲ್ಲಿ ನೋಡಿದರು. ಭಾರತದ ಮೊದಲ ಕಥಾಚಿತ್ರ, 1913ರ ಫಾಲ್ಕೆಯವರ ಚಿತ್ರವೇ ಹರಿಶ್ಚಂದ್ರನದು. ಕನ್ನಡದಲ್ಲಿ ಆರ್. ನಾಗೇಂದ್ರರಾಯರ ಚಿತ್ರ 1943ರಲ್ಲಿಯೂ ರಾಜಕುಮಾರರು ನಟಿಸಿದ ಚಿತ್ರ 1965ರಲ್ಲಿಯೂ ಬಂದವು. ಆದರೆ ಮುಖ್ಯ ಚಿತ್ರಕ್ಕೆ ಮೊದಲು ಸರಕಾರದ ಪಾಠವೊಂದನ್ನು ನೋಡಲೇಬೇಕಿತ್ತು. ಯುದ್ಧಕಾಲದ ಬ್ರಿಟಿಷ್ ಸರಕಾರವು 1943ರಲ್ಲಿ ಹೊರಡಿಸಿದ ಕಡ್ಡಾಯ ಪ್ರದರ್ಶನದ ನಿಯಮವನ್ನು ಸ್ವತಂತ್ರ ಭಾರತವೂ ಬೇರೆ ರೂಪದಲ್ಲಿ ಮುಂದುವರಿಸಿತು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಪ್ರತಿಯೊಂದು ಚಿತ್ರಮಂದಿರವೂ ಬಾಡಿಗೆ ತೆತ್ತು ತೋರಿಸಬೇಕಿತ್ತು. ನೈರ್ಮಲ್ಯ, ಶ್ರಮದಾನ, ಉಳಿತಾಯ, ಐಕ್ಯ ಇವು ಅದರ ವಿಷಯಗಳು. ಹಿರಿಯರು ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತ ನಿಲ್ಲುತ್ತಿದ್ದರು. ಜಾಗ ಹಿಡಿದು ಮುಂದೆ ಕುಳಿತ ಮಕ್ಕಳೇ ಆ ಚಿತ್ರಗಳ ನಿಜವಾದ ಪ್ರೇಕ್ಷಕರು.

ಭಾಷೆಯ ತೊಡಕೊಂದಿತ್ತು. ಆರಂಭದ ವರ್ಷಗಳಲ್ಲಿ ಈ ಚಿತ್ರಗಳು ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗುಗಳಲ್ಲಿ ಮಾತ್ರ ಸಿದ್ಧವಾಗುತ್ತಿದ್ದವು, ಕನ್ನಡಕ್ಕೆ ಸರದಿ ಬಂದದ್ದು ಆಮೇಲೆ. ತೆಲುಗು ಕಿವಿಗೆ ಪರಿಚಿತವಾದ ಬಳ್ಳಾರಿಯಲ್ಲಿ ಇದು ಹೇಗೋ ನಡೆಯುತ್ತಿತ್ತು. ಮನೆಮಾತೇ ಕನ್ನಡವಾದ ಹಡಗಲಿ, ಹರಪನಹಳ್ಳಿಯ ಹುಡುಗರಿಗೆ ಉತ್ತಮ ನಾಗರಿಕನ ಗುಣಗಳನ್ನು ಗಡುಸುಧ್ವನಿಯೊಂದು ಅರ್ಥವಾಗದ ನುಡಿಯಲ್ಲಿ ಬೋಧಿಸಿತು. ಚಿತ್ರ ಓಡಿತು, ಪಾಠ ಉಳಿಯಿತೋ ಇಲ್ಲವೋ.

ಡೇರೆಯೂ ಬಾರದ ಹಳ್ಳಿಗಳಿಗೆ ಸರಕಾರದ ಪ್ರಚಾರ ವಾಹನಗಳು ಬಂದವು. ಪಂಚವಾರ್ಷಿಕ ಯೋಜನೆಯ ಪ್ರಚಾರಕ್ಕಾಗಿ 1953ರಲ್ಲಿ ಆರಂಭವಾದ ಕೇಂದ್ರದ ಈ ವ್ಯವಸ್ಥೆಯೇ ಬಳಿಕ ಕ್ಷೇತ್ರ ಪ್ರಚಾರ ನಿರ್ದೇಶನಾಲಯವೆನಿಸಿತು. ರಾಜ್ಯದ ವಾರ್ತಾ ಇಲಾಖೆಯ ವಾಹನಗಳೂ ಇದ್ದವು. ವಾಹನದಲ್ಲಿ 16 ಮಿ.ಮೀ. ಯಂತ್ರ, ವಿದ್ಯುತ್ತಿಲ್ಲದ ಊರಿಗೆಂದು ಜನರೇಟರ್, ಎರಡು ಕಂಬಗಳ ನಡುವೆ ಕಟ್ಟುವ ತೆರೆ. ತೆರೆಯ ಹಿಂದೆ ಕುಳಿತವರಿಗೆ ಚಿತ್ರವೆಲ್ಲ ಎಡಬಲ ಅದಲುಬದಲು. ಅಮೆರಿಕದ ತರಗತಿಯಲ್ಲಿದ್ದಂತೆ ಚಿತ್ರದೊಂದಿಗೆ ಉಪಾಧ್ಯಾಯರ ಕೈಪಿಡಿಯಾಗಲಿ, ಮುಗಿದ ಮೇಲಿನ ಪ್ರಶ್ನೋತ್ತರವಾಗಲಿ ಇಲ್ಲಿರಲಿಲ್ಲ. ವಾಹನ ಅಂದೇ ರಾತ್ರಿ ಮುಂದಿನ ಊರಿಗೆ ಹೊರಡಬೇಕು. ದೆಹಲಿಯ ಕೇಂದ್ರ ಫಿಲ್ಮ್ ಲೈಬ್ರರಿಯಿಂದ ಸದಸ್ಯಶಾಲೆಗಳು ಚಿತ್ರಗಳನ್ನು ಎರವಲು ಪಡೆಯುವ ಏರ್ಪಾಡಿತ್ತಾದರೂ ಪ್ರಕ್ಷೇಪಕವೇ ಇಲ್ಲದ ಶಾಲೆಗೆ ಅದರಿಂದ ಏನು ಪ್ರಯೋಜನ?

ದೆಹಲಿಯಲ್ಲಿ ಮಾತ್ರ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ನೆಹರೂರವರ ಆಸಕ್ತಿಯಿಂದ 1955ರಲ್ಲಿ ಮಕ್ಕಳ ಚಲನಚಿತ್ರ ಸಂಸ್ಥೆ ಹುಟ್ಟಿತು. ಕೇದಾರ ಶರ್ಮರ ‘ಜಲದೀಪ’ ಅದರ ಮೊದಲ ಚಿತ್ರ. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿಯು ಧಾರ್ಮಿಕ ಮತ್ತು ನೈತಿಕ ಶಿಕ್ಷಣವನ್ನು ಕುರಿತು ಕೊಟ್ಟ ವರದಿಯಲ್ಲಿ ಮಹಾಪುರುಷರ ಕಥೆಗಳ ಜೊತೆಗೆ ಛಾಯಾಚಿತ್ರ, ಫಿಲ್ಮ್‌ಸ್ಟ್ರಿಪ್‌ಗಳ ಬಳಕೆಯನ್ನೂ ಸೂಚಿಸಿತು. 1974ರಲ್ಲಿ ಫಿಲ್ಮ್ಸ್ ಡಿವಿಷನ್ನಿನ ‘ಏಕ್ ಅನೇಕ್ ಔರ್ ಏಕತಾ’ ಬಂದಿತು. ಬೇಡನ ಬಲೆಯನ್ನೇ ಎತ್ತಿಕೊಂಡು ಒಟ್ಟಾಗಿ ಹಾರಿದ ಹಕ್ಕಿಗಳ ಹಳೆಯ ನೀತಿಕಥೆಯನ್ನು ವಿಜಯಾ ಮುಳೆಯವರು ಚಲಿಸುವ ಗೆರೆಗಳಲ್ಲಿ ಹೇಳಿಸಿದರು, ಅದನ್ನು ದೂರದರ್ಶನದಲ್ಲಿ ಕಂಡು ಬೆಳೆದ ತಲೆಮಾರು ಇಂದಿಗೂ ಮರೆತಿಲ್ಲ. ನಿರೂಪಕನ ಉಪದೇಶವಿಲ್ಲದೆ, ಮಗುವಿನ ಪ್ರಶ್ನೆಗೆ ಅಕ್ಕನ ಉತ್ತರವಾಗಿ ಕಥೆ ಸಾಗುವುದೇ ಅದರ ಚೆಲುವು.

1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸುವ ‘ಸೈಟ್’ ಪ್ರಯೋಗ ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆಯ್ದುಕೊಂಡಿದ್ದರು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಗಿನ ಇಪ್ಪತ್ತೆರಡೂವರೆ ನಿಮಿಷ ಶಾಲಾ ಮಕ್ಕಳಿಗೆ ಮೀಸಲು, ಅದೂ ಕನ್ನಡದಲ್ಲಿ. ತುಂಗಭದ್ರೆಯ ಆಚೆ ದಡದ ಜಿಲ್ಲೆಗೆ ದೊರೆತ ಭಾಗ್ಯ ಈಚೆ ದಡದ ಹಡಗಲಿಗೂ ಹಗರಿಬೊಮ್ಮನಹಳ್ಳಿಗೂ ದೊರೆಯಲಿಲ್ಲ. ಎರವಲು ಪಡೆದ ಅಮೆರಿಕದ ಉಪಗ್ರಹವನ್ನು ಒಂದು ವರ್ಷಕ್ಕೆ ಸರಿಯಾಗಿ, 1976ರ ಜುಲೈ 31ಕ್ಕೆ ಹಿಂತಿರುಗಿಸಬೇಕಾಯಿತು.

ಕನ್ನಡ ಕಥಾಚಿತ್ರಗಳು ಈ ನಡುವೆ ತಮ್ಮದೇ ದಾರಿಯಲ್ಲಿ ಮಕ್ಕಳ ನಡತೆಯ ಪ್ರಶ್ನೆಯನ್ನು ಎತ್ತಿಕೊಂಡಿದ್ದವು. ಎನ್. ಲಕ್ಷ್ಮೀನಾರಾಯಣರ ‘ಬೆಟ್ಟದ ಹೂವು’ (1985) ಚಿತ್ರದ ಬಡಬಾಲಕ ರಾಮು, ‘ಶ್ರೀರಾಮಾಯಣ ದರ್ಶನಂ’ ಕೊಳ್ಳಲೆಂದು ಕೂಡಿಟ್ಟ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಸದ್ಗುಣದ ಚಿತ್ರವೆಂದರೆ ಇದು. ಹುಡುಗನು ಒಂದು ಒಳ್ಳೆಯದನ್ನು ಇನ್ನೊಂದು ಒಳ್ಳೆಯದಕ್ಕಾಗಿ ಬಿಡಬೇಕಾಗುತ್ತದೆ. ಕೆಟ್ಟ ಹುಡುಗನ ಹೋಲಿಕೆಯೇ ಬೇಕಾಗಿಲ್ಲ.

ಆದರೆ ತರಗತಿಯ ನೀತಿಚಿತ್ರಗಳ ಮೌನವನ್ನು ಮುರಿದುದು ಇನ್ನೊಂದು ಚಿತ್ರ, 1994ರ ‘ಕೊಟ್ರೇಶಿ ಕನಸು’. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರರು ಅದನ್ನು ನಿರ್ದೇಶಿಸಿದರು. ನಾಯಕನ ಹೆಸರಿನಲ್ಲಿಯೇ ಕೊಟ್ಟೂರಿನ ದೈವದ ಹೆಸರಿದೆ. ಈ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮರಿಲ್ಲದ ಓಣಿಯಿಲ್ಲ. ಏಳನೆಯ ತರಗತಿಯಲ್ಲಿ ತೇರ್ಗಡೆಯಾದ ದಲಿತ ಬಾಲಕನೊಬ್ಬನು ಮುಂದೆ ಓದುವ ಕನಸು ಕಾಣುತ್ತಾನೆ, ಇಷ್ಟೇ ಕಥೆಯ ಬೀಜ. ಕರೊನೆಟ್ ಸಂಸ್ಥೆಯ ಅಳತೆಗೋಲಿನಿಂದ ನೋಡಿದರೆ ಈ ಹುಡುಗನಲ್ಲಿ ತಿದ್ದಬೇಕಾದುದು ಏನೂ ಇಲ್ಲ. ಶ್ರದ್ಧೆಯಿದೆ, ವಿನಯವಿದೆ, ಆಸೆಯಿದೆ. ಪರೀಕ್ಷೆಯಲ್ಲಿ ಅವನು ಗೆದ್ದಿದ್ದಾನೆ, ಈಗ ಪರೀಕ್ಷೆ ಊರಿನದು. ಒಬ್ಬ ಹುಡುಗ ಓದುತ್ತಾನೆಂಬ ಸಣ್ಣ ಸಂಗತಿಯ ಮುಂದೆ ಹಿರಿಯರ ನಡತೆ ಎಂತಹುದೆಂಬುದನ್ನು ಚಿತ್ರವು ಒಂದೊಂದಾಗಿ ಬಿಚ್ಚಿಡುತ್ತದೆ. ಸ್ಕಿಪರ್ ನಾಯಿಯ ಮರೆಯಲ್ಲಿ ಆಡಬೇಕಾಗಿದ್ದ ಮಾತನ್ನು ಇಲ್ಲಿ ಮನುಷ್ಯರ ಮುಖಕ್ಕೇ ಹಿಡಿಯಲಾಗಿದೆ.

ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಕೊಟ್ರೇಶಿಯಾಗಿ ನಟಿಸಿದ ವಿಜಯ ರಾಘವೇಂದ್ರರಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿಯೂ ದೊರೆತವು. ಇದು ತರಗತಿಗೆಂದು ತೆಗೆದ ಚಿತ್ರವಲ್ಲ, ಒಂದು ಸುರುಳಿಯಲ್ಲಿ ಮುಗಿಯುವಂಥದೂ ಅಲ್ಲ. ಆದರೂ ಶಾಲೆಯೊಂದರಲ್ಲಿ ಮಕ್ಕಳನ್ನೂ ಅವರ ಹೆತ್ತವರನ್ನೂ ಒಟ್ಟಿಗೆ ಕೂರಿಸಿ ತೋರಿಸಿದರೆ, ದೀಪ ಹೊತ್ತಿಸಿದಾಗ ಮಕ್ಕಳ ಕಣ್ಣು ತಪ್ಪಿಸುವವರು ಹಿಂದಿನ ಸಾಲಿನಲ್ಲಿರುವವರೇ.

ಅಮೆರಿಕದ ಆ ಹಳೆಯ ಸುರುಳಿಗಳ ಗತಿ ವಿಚಿತ್ರವಾದುದು. ವಿಡಿಯೊ ಬಂದ ಮೇಲೆ ಶಾಲೆಗಳು ಅವುಗಳನ್ನು ಕಸಕ್ಕೆಸೆದವು. ರಿಕ್ ಪ್ರೆಲಿಂಗರ್ ಎಂಬ ಸಂಗ್ರಾಹಕರು 1980ರ ದಶಕದಿಂದ ಅವುಗಳನ್ನು ಆಯ್ದು ಕೂಡಿಸಿದರು. ಅವರ ಸಂಗ್ರಹವನ್ನು 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಡೆದುಕೊಂಡಿತು. ಒಂದು ಕಾಲಕ್ಕೆ ಗಂಭೀರವಾಗಿ ತೋರಿಸಿದ ಚಿತ್ರಗಳನ್ನು ಇಂದು ಮಂದಿ ನಗುತ್ತ ನೋಡುತ್ತಾರೆ. ನಮ್ಮಲ್ಲಿ ಫಿಲ್ಮ್ಸ್ ಡಿವಿಷನ್ನೂ ಮಕ್ಕಳ ಚಲನಚಿತ್ರ ಸಂಸ್ಥೆಯೂ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋದವು. ಈಗ ಪಾಠಶಾಲೆಗಳಲ್ಲಿಯೂ ಬೇಸಗೆ ಶಿಬಿರಗಳಲ್ಲಿಯೂ ಪುಣ್ಯಪುರುಷರ ಕಥೆಗಳ ಬಣ್ಣಬಣ್ಣದ ಅನಿಮೇಷನ್ ಚಿತ್ರಗಳನ್ನು ಗೋಡೆಗೆ ಹಾಯಿಸಿ ತೋರಿಸುತ್ತಾರೆ. ಚಿತ್ರ ಓಡುತ್ತಿರುವಾಗ ಮೇಲ್ವಿಚಾರಕರು ಊಟದ ಸಿದ್ಧತೆ ನೋಡಲು ಹೊರಗೆ ಹೋಗುವುದೂ ಉಂಟು.

ಕುಂ. ವೀರಭದ್ರಪ್ಪನವರು ವೃತ್ತಿಯಿಂದ ಉಪಾಧ್ಯಾಯರು. ಆಂಧ್ರದ ಹಳ್ಳಿಶಾಲೆಗಳಲ್ಲಿ ಬಹುವರ್ಷ ಮಕ್ಕಳಿಗೆ ಪಾಠ ಹೇಳಿ, ಮರಳಿ ಕೊಟ್ಟೂರಿನಲ್ಲಿ ನೆಲೆಸಿದರು.